ತಂಗಿಯೂರಿಗೆ ಮೆಮೊ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಸ್ಥಳ: ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನ ಹಳೆಯ ವಾಚನಾಲಯದ ಕೊಠಡಿ. ಹಾಜರಿದ್ದವರು: ಸಂಚಾಲಕನಾದ ನಾನು, ಲ್ಯಾಪ್‌ಟಾಪ್ ಸಹಿತ ಕಾಮಸಮುದ್ರದ ನಾರಾಯಣಪ್ಪ, ಸವರಿಮುತ್ತು ಮತ್ತು ಅವನ ಬ್ಯಾಂಡಿನ ನಾಲ್ವರು, ವಾದ್ಯಗಳ ಸಹಿತ. ಗೈರುಹಾಜರು: ಒಂದು ಇಡೀ ಊರು.

ತಡವಾಗಿ ಬರುವವರ ಬಗ್ಗೆ ನನಗೆ ಕನಿಕರವಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿಯ ಚಿನ್ನದ ಗಣಿ ಮುಚ್ಚುವವರೆಗೂ ನಾನು ಅದರ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಮೊದಲ ಸೈರನ್ನಿಗೆ ಗೇಟು ತೆರೆಯುವುದು, ಎರಡನೆಯದಕ್ಕೆ ಮುಚ್ಚುವುದು. ನಡುವೆ ಬಂದವನು ಕಾರ್ಮಿಕ, ಆಮೇಲೆ ಬಂದವನು ದಾರಿಹೋಕ. ಇಷ್ಟು ಸರಳವಾದ ತತ್ವದ ಮೇಲೆ ಲೋಕವನ್ನು ನಡೆಸಬಹುದೆಂದು ಇವತ್ತಿಗೂ ನಂಬಿದ್ದೇನೆ. ಮನೆಯಲ್ಲಿ ಬೆಳಗಿನ ಕಾಫಿ ಐದೂಮುಕ್ಕಾಲಿಗೆ. ಒಮ್ಮೆ ಐದು ಐವತ್ತಕ್ಕೆ ಬಂದಾಗ ನಾನು ಗಡಿಯಾರದ ಕಡೆ ನೋಡಿದೆ, ಅಷ್ಟೆ. ಮರುದಿನದಿಂದ ಕಾಫಿಯನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ. ಸಮಯಕ್ಕೆ ಸರಿಯಾಗಿ ಆಗುತ್ತದೆ. ರುಚಿಯ ವಿಚಾರ ಬೇರೆ.

ಈಗ ಈ ಇಡೀ ಊರಿನ ವಿಚಾರ. ಇಂಗ್ಲೆಂಡಿನ ಒಂದು ಮೂಲೆಯಲ್ಲಿ ಸಮುದ್ರಕ್ಕೆ ಅಂಟಿಕೊಂಡ ಸಣ್ಣ ಊರೊಂದಿದೆ. ಅಲ್ಲಿಯೂ ಗಣಿ ಇತ್ತು, ಮುಚ್ಚಿತು. ಆ ಕಾಲದಲ್ಲಿ ಅಲ್ಲಿನ ಕೆಲವರು ನಮ್ಮಲ್ಲಿಗೆ ಬಂದು ಭೂಮಿ ಕೊರೆದಿದ್ದರಂತೆ. ಆ ನೆನಪಿಗೆ ಎರಡೂ ಊರುಗಳು ಸೋದರಿ ನಗರಗಳಾಗಲಿ ಎಂದು ಅಲ್ಲಿಂದ ಪತ್ರ ಬಂತು. ಪತ್ರ ಯಾರು ಯಾರದೋ ಮೇಜಿನ ಮೇಲೆ ಮಲಗಿ ಎದ್ದು, ಕೊನೆಗೆ ಬೆಳಗಿನ ವಾಕಿಂಗ್ ಮಾಡುವ ನಮ್ಮ ನಿವೃತ್ತರ ಗುಂಪಿಗೆ ತಲುಪಿತು. ಸಂಚಾಲಕ ಯಾರಾಗಬೇಕೆಂಬ ಪ್ರಶ್ನೆಗೆ ಎಲ್ಲರೂ ನನ್ನ ಕೈಗಡಿಯಾರ ನೋಡಿದರು.

ಆ ಊರಿನ ಹೆಸರನ್ನು ನಾನು ಕಾಗದ ನೋಡಿಕೊಂಡೇ ಹೇಳಬೇಕು. ಬಸ್ ಕಂಡಕ್ಟರಾಗಿ ನಿವೃತ್ತನಾದ ನಾರಾಯಣಪ್ಪ ಮೂರು ಸಲ ಪ್ರಯತ್ನಿಸಿ, "ಇದ್ನ ಬೋರ್ಡ್ ಮ್ಯಾಗೆ ಬರುದ್ರೆ ಯಾವನೂ ಬಸ್ ಅತ್ತಾಕಿಲ್ಲ ಸಾ, ತಂಗಿಯೂರು ಅಂತ ಇಟ್ಕಳಾವ" ಎಂದ. ಅಕ್ಕನೋ ತಂಗಿಯೋ ಎಂದು ಅರ್ಧ ಗಂಟೆ ಚರ್ಚೆಯಾಯಿತು. ಅವರು ನಮ್ಮನ್ನು ಆಳಿದವರು, ಅಕ್ಕ ಎನ್ನಬೇಕೆಂದು ಒಬ್ಬರು. ಅದಕ್ಕೇ ತಂಗಿ ಎನ್ನಬೇಕೆಂದು ಇನ್ನೊಬ್ಬರು. ತಂಗಿಯೇ ಗೆದ್ದಳು. ನನಗಂತೂ ಊರು ಊರುಗಳ ಸಂಬಂಧ ಹೊಸದಲ್ಲ. ನಾನು ಬಂಗಾರಪೇಟೆಯವನು, ನನ್ನ ಹೆಂಡತಿ ಇಲ್ಲೇ ಕೆ.ಜಿ.ಎಫ್.ನ ಮೈಸೂರು ಮೈನ್ಸಿನವಳು. ನಡುವೆ ಕೆಲವು ಮೈಲಿ ಮತ್ತು ಒಂದು ರೈಲು. ಆದರೂ ಬಂಗಾರಪೇಟೆ ಎಂದರೆ ರೈಲು ಬದಲಿಸುವಾಗ ಪಾನಿಪುರಿ ತಿನ್ನುವ ಜಾಗ ಎಂದು ಅವಳೂ, ಕೆ.ಜಿ.ಎಫ್. ಎಂದರೆ ಹಳಿ ಮುಗಿಯುವ ಜಾಗ ಎಂದು ನಾನೂ ಇಷ್ಟು ವರ್ಷ ವಾದಿಸುತ್ತಲೇ ಬಂದಿದ್ದೇವೆ. ಅಂತರರಾಷ್ಟ್ರೀಯ ಒಪ್ಪಂದಕ್ಕೆ ಇದಕ್ಕಿಂತ ಹೆಚ್ಚಿನ ತರಬೇತಿ ಬೇಕೆ?

ಅಧಿಕೃತ ಮುದ್ರೆ ಬೀಳುವ ಮೊದಲು ಎರಡೂ ಊರಿನವರು ಪರದೆಯ ಮೇಲೆ ಒಮ್ಮೆ ಮುಖ ನೋಡಬೇಕು, ಎರಡೂ ಕಡೆಯ ಗಣಿ ಬ್ಯಾಂಡುಗಳು ನುಡಿಸಬೇಕು, ಒಪ್ಪಿಗೆಯಾದರೆ ತಿಂಗಳಿಗೊಮ್ಮೆ ಹೀಗೆ ಕೂಡಬೇಕು ಎಂದು ತಂಗಿಯೂರಿನ ಕಾರ್ಯದರ್ಶಿ ಡೊರೊತಿಯಮ್ಮ ಬರೆದಿದ್ದರು. ಹಾಗೆ ಮುಖ ನೋಡಿದ ವಾರವೇ ಅವರ ಊರ ಸಭೆ ಈ ವಿಚಾರ ತೀರ್ಮಾನಿಸುವುದಿತ್ತು. ಇದರಿಂದ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಸವರಿಮುತ್ತು. ಇಪ್ಪತ್ತು ವರ್ಷ ಗಣಿಯಾಳದಲ್ಲಿ ಬಂಡೆ ಕೊರೆದು, ಶ್ವಾಸಕೋಶದಲ್ಲಿ ಉಳಿದ ಜಾಗದಲ್ಲಿ ದೊಡ್ಡ ಹಿತ್ತಾಳೆ ಹಾರ್ನ್ ಊದುತ್ತಾನೆ. ಮದುವೆಗಳೆಲ್ಲ ಡಿ.ಜೆ. ಪಾಲಾದ ಮೇಲೆ ಅವನ ಬ್ಯಾಂಡಿಗೆ ಸಾವಿನ ಮನೆಗಳಿಂದ ಬಿಟ್ಟರೆ ಬೇರೆಲ್ಲಿಂದಲೂ ಕರೆಯಿಲ್ಲ.

"ಸತ್ತೋರಿಗೆ ಊದಿ ಊದಿ ಸಾಕಾಗೋಚು ಸಾರ್," ಎಂದಿದ್ದ ಅವನು. "ಡಾಕ್ಟರು ಊದೋದ್ ಬಿಡು ಅಂತಾರೆ. ಬಿಡ್ತೀನಿ. ಅದಕ್ ಮುಂಚೆ ಬದುಕಿರೋರು ಯಾರಾದ್ರೂ ಕೂತ್ಕೊಂಡು ಒಂದ್ ತಡವೆ, ಒಂದೇ ಒಂದ್ ಸಲಿ, ಪೂರ್ತಿ ಕೇಳ್ಬೇಕು. ಅಷ್ಟೇ ನಂಗೆ."

ಡೊರೊತಿಯಮ್ಮ ಕೊಟ್ಟ ಸಮಯ ಅವರ ಬೆಳಗಿನ ಹನ್ನೊಂದು. ಪತ್ರ ಬಂದದ್ದು ಸೆಪ್ಟೆಂಬರಿನಲ್ಲಿ. ಆ ದಿನವೇ ವಿಚಾರಿಸಿದೆ: ಅವರಿಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ. ಹನ್ನೊಂದಕ್ಕೆ ಕೂಡಿಸಿದೆ, ಮೂರೂವರೆ. ಪುಸ್ತಕದಲ್ಲಿ ಇಂಕಿನಲ್ಲಿ ಬರೆದೆ. ಟೈಮ್ ಆಫೀಸಿನಲ್ಲಿ ಇಂಕಿನಲ್ಲಿ ಬರೆದದ್ದನ್ನು ತಿದ್ದುವ ಪದ್ಧತಿಯಿಲ್ಲ. ಹಿಂದಿನ ದಿನ ನಾರಾಯಣಪ್ಪ, "ಯಾವ್ದುಕ್ಕೂ ಒಂದ್ ಮೆಸೇಜ್ ಆಕಿ ಕೇಳಾನ ಸಾ?" ಎಂದ. ಸೈರನ್ ಎಷ್ಟು ಗಂಟೆಗೆ ಎಂದು ಗಣಿಯಲ್ಲಿ ಯಾರಾದರೂ ಕೇಳುತ್ತಿದ್ದರೇ ಎಂದು ನಾನು ಕೇಳಿದೆ. ಅವನು ಫೋನನ್ನು ಜೇಬಿಗಿಳಿಸಿದ.

ಮೂರೂವರೆಯಾಯಿತು. ಪರದೆಯ ಮೇಲೆ ನಮ್ಮ ಮುಖಗಳೇ. ಮೂರು ಮೂವತ್ತೈದು, ಸವರಿಮುತ್ತು ಇಸ್ತ್ರಿ ಮಾಡಿದ ಬಿಳಿ ಕೋಟಿನ ಗುಂಡಿ ಸರಿಮಾಡಿಕೊಂಡ. ಮೂರು ನಲವತ್ತು, ಡ್ರಮ್ಮಿನವನು ಆಕಳಿಸಿದ. ಮೂರು ನಲವತ್ತೈದಕ್ಕೆ ನಾನು ಎದ್ದುನಿಂತೆ.

"ಸಭೆ ಮುಗಿಯಿತು. ಎಲ್ಲರೂ ಹೊರಡಿ."

"ಸಾರ್, ಇನ್ನೊಂದು ಸ್ವಲ್ಪ ಹೊತ್ತು..." ಎಂದ ಸವರಿಮುತ್ತು.

"ಹದಿನೈದು ನಿಮಿಷ ಕೊಟ್ಟಾಯಿತು. ಗಣಿಯಲ್ಲಿ ಅಷ್ಟೂ ಕೊಡುತ್ತಿರಲಿಲ್ಲ."

"ಗೊತ್ತು ಸಾರ್," ಎಂದ ಅವನು, ಒಂದು ಥರದ ದನಿಯಲ್ಲಿ. ಹಾರ್ನನ್ನು ಚೀಲದೊಳಗೆ ಇಳಿಸಿ, ನನ್ನ ಕಡೆ ನೋಡದೆ ಹೊರಟ. ಉಳಿದವರೂ ಹೊರಟರು. ನಾನು ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಗೈರುಹಾಜರಾದವರಿಗೆ ಅದೇ ದಿನ ಮೆಮೊ ಹೋಗಬೇಕೆಂಬುದು ರಕ್ತದಲ್ಲಿ ಬಂದದ್ದು. ನಾರಾಯಣಪ್ಪನ ಲ್ಯಾಪ್‌ಟಾಪಿನಲ್ಲೇ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಟೈಪು ಮಾಡಿದೆ: ನಿಗದಿತ ಸಮಯದಲ್ಲಿ ತಾವು ಹಾಗೂ ತಮ್ಮ ಊರು ಗೈರುಹಾಜರಾಗಿರುವುದು ಕಂಡುಬಂದಿದೆ, ಇದಕ್ಕೆ ಕಾರಣವನ್ನು ಮೂರು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು, ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.

"ಮುಂದಿನ ಕ್ರಮ ಅಂದ್ರೆ ಏನ್ ಮಾಡ್ತೀರಾ ಸಾ, ಅಡಗು ಅತ್ತಿ ಇಂಗ್ಲೆಂಡ್‌ಗೆ ಓಗ್ತೀರಾ?" ಎಂದು ನಾರಾಯಣಪ್ಪ ಕೇಳಿದ. ಮೆಮೊ ಕಳುಹಿಸಿದೆ, ಕೊಠಡಿಗೆ ಬೀಗ ಹಾಕಿದೆ, ಮನೆಗೆ ನಡೆದೆ. ನಾರಾಯಣಪ್ಪ ತನ್ನ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಬೀಗ ಹಾಕಿದ ಬಾಗಿಲ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ.

ನಾಲ್ಕು ಇಪ್ಪತ್ತೆರಡಕ್ಕೆ ಅವನ ಫೋನು ಬಂತು. "ಸಾ! ಬಂದವ್ರೆ ಸಾ! ತಂಗಿಯೂರೇ ಬಂದೈತೆ! ಮೂವತ್ ಜನ ಅವ್ರೆ, ಕೆಂಪ್ ಕೋಟ್ ಆಕ್ಕಂಡವ್ರೆ. ನಾನ್ ಮೆಟ್ಲು ಮ್ಯಾಲೆ ಕುಂತಿವ್ನಿ, ನನ್ ಇಂದೆ ಒಂದ್ ಮೇಕೆ ನಿಂತೈತೆ, ಅವ್ರು ಅದುಕ್ಕೆ ಕೈ ಬೀಸ್ತಾವ್ರೆ. ಬಿರ್ನೆ ಬನ್ನಿ ಸಾ!"

"ಒಂದು ಗಂಟೆ ತಡವಾಗಿ ಬಂದು ಕೈ ಬೀಸುತ್ತಾರೆಯೇ?"

"ತಡಾನೂ ಇಲ್ಲ ಏನೂ ಇಲ್ಲ ಸಾ. ಹತ್ತು ನಿಮಿಷ ಮುಂಚೇನೇ ಬಂದವ್ರಂತೆ. ಅವ್ರ ಊರ್ನಾಗೆ ನೆನ್ನೆ ರಾತ್ರಿ ಗಡಿಯಾರಾನೇ ಒಂದ್ ಗಂಟೆ ಇಂದುಕ್ ತಿರುಗ್ಸವ್ರಂತೆ, ದೇಶಕ್ ದೇಶಾನೇ! ಅವ್ರ ಅನ್ನೊಂದು ಅಂದ್ರೆ ಇವತ್ತಿಂದ ನಮ್ಗೆ ನಾಲ್ಕೂವರೆ!"

ನಾನು ಕುರ್ಚಿಯ ಮೇಲೆ ಕೂತೆ. ಒಂದು ದೇಶ ತನ್ನ ಗಡಿಯಾರಗಳನ್ನು ವರ್ಷಕ್ಕೆರಡು ಸಲ ಅತ್ತಿತ್ತ ತಿರುಗಿಸುತ್ತದೆಂಬುದು, ಇಡೀ ಬದುಕು ಗಡಿಯಾರದ ಕೆಳಗೆ ಕೂತ ನನಗೆ ಗೊತ್ತಿರಲಿಲ್ಲ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದವರನ್ನು ನಮ್ಮ ಗಣಿಯಲ್ಲಿ ಸಸ್ಪೆಂಡ್ ಮಾಡುತ್ತಿದ್ದೆವು. ಹೆಂಡತಿ ಒಳಗಿಂದ, "ಅವರ ಗಡಿಯಾರ, ಅವರಿಷ್ಟ. ನೀವು ಮೊದಲು ಸವರಿ ಮನೆಗೆ ಹೋಗಿ" ಎಂದಳು. ಚಪ್ಪಲಿ ಮೆಟ್ಟಿ ಓಡಿದೆ. ಓಡಿದೆ ಎನ್ನುವುದು ನನ್ನ ಅಂದಾಜು. ನೋಡಿದವರು ಬೇರೆ ಹೇಳಬಹುದು.

ಸವರಿಮುತ್ತು ಗಣಿ ಕಾರ್ಮಿಕರ ಲೈನ್ ಮನೆಯ ಹೊಸ್ತಿಲಲ್ಲಿ ಬನಿಯನ್ನಿನಲ್ಲಿ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ರೋಸಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ವಿಷಯ ಹೇಳಿದೆ. ಅವನು ಅಲುಗಲಿಲ್ಲ.

"ಗೇಟ್ ಮುಚ್ಚಾಯ್ತಲ್ಲ ಸಾರ್."

"ತೆರೆಯುತ್ತೇನೆ. ಬೀಗದ ಕೈ ಇಲ್ಲೇ ಇದೆ, ನೋಡು."

"ಒಂದ್ ದಿನ ನಾನೂ ಹಿಂಗೇ ಬಂದಿದ್ದೆ. ಸೈಕಲ್ ಚೈನ್ ಕಿತ್ಕೊಂಡು, ಮಳೆನಲ್ಲಿ ನೆನ್ಕೊಂಡು. ಎರಡು ನಿಮಿಷ. ಗೇಟ್ ಕಂಬಿ ಹಿಡ್ಕೊಂಡು 'ಸಾರ್ ಸಾರ್' ಅಂದೆ. ನೀವು ಪೆನ್ ಮುಚ್ಚಳ ಹಾಕ್ತಾ ಇದ್ರಿ. ತಲೆ ಎತ್ಲೇ ಇಲ್ಲ."

ನನಗೆ ಅದು ನೆನಪಿರಲಿಲ್ಲ. ಪೆನ್ನಿನ ಮುಚ್ಚಳ ಹಾಕುವುದು ನೆನಪಿದೆ. ಅದನ್ನು ಸಾವಿರಾರು ಸಲ ಹಾಕಿದ್ದೇನೆ. ಪ್ರತಿ ಸಲವೂ ಕಂಬಿಯ ಆಚೆ ಯಾರಾದರೂ ಇದ್ದಿರಬಹುದು ಎಂದು ಅವತ್ತು ಅವನ ಹೊಸ್ತಿಲ ಮುಂದೆ ನಿಂತಾಗ ಹೊಳೆಯಿತು. ಹೊಳೆಯಲು ಒಳ್ಳೆಯ ಸಮಯವೇನಲ್ಲ, ಮೂವತ್ತು ಜನ ಕಾಯುತ್ತಿದ್ದರು.

"ಸವರಿ, ತಪ್ಪು ನನ್ನದು," ಎಂದೆ. "ಇವತ್ತಿನದೂ, ಅವತ್ತಿನದೂ."

ರೋಸಮ್ಮ ಹುರುಳಿಕಾಯಿ ಕೆಳಗಿಟ್ಟಳು. "ಇನ್ನೊಂದ್ ಸಲಿ ಜೋರಾಗಿ ಹೇಳಿ ಸಾರ್. ಪಕ್ಕದ ಮನೇಲಿ ಡ್ರಮ್ ಮಾಣಿಕ್ಕಂ ಇದಾನೆ, ಅವ್ನಿಗೂ ಒಂದ್ ದಿನ ಗೇಟ್ ಹಾಕಿದ್ರಿ."

ಜೋರಾಗಿ ಹೇಳಿದೆ. ಕಿಟಕಿಯೊಂದು ತೆರೆಯಿತು.

ಸವರಿಮುತ್ತು ಒಳಗೆ ಕೈಚಾಚಿ ಬಿಳಿ ಕೋಟು ಎಳೆದು ತೊಟ್ಟುಕೊಂಡ. ಆಮೇಲೆ, "ಸರಿ, ವಾಂಗೊ ಸಾರ್" ಎಂದು ಎದ್ದ. ಚೀಲದಿಂದ ಹಾರ್ನ್ ತೆಗೆದು ಹೊಸ್ತಿಲಲ್ಲೇ ನಿಂತು ಒಂದೇ ಒಂದು ಉದ್ದನೆಯ ಸ್ವರ ಊದಿದ. ಸಾಲಿನ ನಾಲ್ಕು ಬಾಗಿಲುಗಳಿಂದ ನಾಲ್ಕು ಬಿಳಿ ಕೋಟುಗಳು ತೋಳು ತೂರಿಸಿಕೊಳ್ಳುತ್ತ ಹೊರಬಂದವು. ಎರಡು ನಿಮಿಷವೂ ಹಿಡಿಯಲಿಲ್ಲ. ಹಾಜರಾತಿ ಪುಸ್ತಕ ಇಲ್ಲದೆಯೂ ಜನ ಹೀಗೆ ಬರುತ್ತಾರೆಂಬುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಾಲ್ಕು ಐವತ್ತಕ್ಕೆ ಕೊಠಡಿಯ ಬೀಗ ತೆಗೆದೆ. ಪರದೆಯ ತುಂಬ ತಂಗಿಯೂರು ಚಹಾ ಕುಡಿಯುತ್ತ ಕೂತಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಡೊರೊತಿಯಮ್ಮ ಕನ್ನಡಕ ಏರಿಸಿಕೊಂಡು ಕಾಗದವೊಂದನ್ನು ಎತ್ತಿ ಓದತೊಡಗಿದರು. ನನ್ನ ಮೆಮೊ. ಇನ್ನೂ ಶುರುವೇ ಆಗದ ಸಭೆಗೆ ಗೈರುಹಾಜರಾದ ತಪ್ಪಿಗೆ ಬಂದ ಮೆಮೊ. ಬೆಳಗಿನ ತಿಂಡಿಯ ಹೊತ್ತಿಗೆ ಅದು ತಲುಪಿ, ಅವರು ಹೆದರಿ ಬ್ಯಾಂಡಿನವರನ್ನೆಲ್ಲ ಎಬ್ಬಿಸಿ ಕರೆತಂದರಂತೆ. ಎಷ್ಟೋ ವರ್ಷಗಳಲ್ಲಿ ಬ್ಯಾಂಡಿನವರು ಹೊತ್ತಿಗೆ ಮುಂಚೆ ಬಂದದ್ದು ಅದೇ ಮೊದಲಂತೆ. ಎರಡು ಊರುಗಳ ನಡುವಿನ ಮೊದಲ ಅಧಿಕೃತ ದಾಖಲೆ ಇದೇ ಆದ್ದರಿಂದ ಚೌಕಟ್ಟು ಹಾಕಿಸಿ ತಮ್ಮ ಸಭಾಂಗಣದಲ್ಲಿ ತೂಗುಹಾಕುವುದಾಗಿ ಹೇಳಿದರು. ಮೂವತ್ತು ಜನ ಚಪ್ಪಾಳೆ ತಟ್ಟಿದರು. ನಾನು ಕೈಗಡಿಯಾರ ಸರಿಮಾಡಿಕೊಂಡೆ, ಇನ್ನೇನು ಮಾಡಲಿ.

ಒಟ್ಟಿಗೆ ನುಡಿಸುವುದು ಆಗಲಿಲ್ಲ; ಅಲ್ಲಿಯ ಶಬ್ದ ಇಲ್ಲಿಗೆ ಬರುವಷ್ಟರಲ್ಲಿ ತಾಳ ತಪ್ಪುತ್ತಿತ್ತು. ಸರದಿಯಲ್ಲಿ ನುಡಿಸಿದರು. ಅವರು ಒಂದು ಹಳೆಯ ಮೆರವಣಿಗೆಯ ಮಟ್ಟು ನುಡಿಸಿದಾಗ ಸವರಿಮುತ್ತು ಕಣ್ಣರಳಿಸಿದ. ಅದು ಅವನ ತಾತ ಊದುತ್ತಿದ್ದ ಮಟ್ಟೇ. ತನ್ನ ಸರದಿ ಬಂದಾಗ ಅದನ್ನೇ ಊದಿದ. ನಡುವೆ ಒಂದು ಕಡೆ ತಿರುವು ಬೇರೆಯಿತ್ತು, ಅಲ್ಲಿ ಡ್ರಮ್ಮು ನಮ್ಮ ತಮಟೆಯ ಹಾಗೆ ಕುಣಿಯಿತು. ಅವರ ಬ್ಯಾಂಡಿನ ಮುದುಕನೊಬ್ಬ ಮುಂದೆ ಬಾಗಿ, ಆ ಜಾಗ ಮತ್ತೊಮ್ಮೆ ಎಂದು ಕೇಳಿದ. ನಾನು ಅನುವಾದಿಸಿದೆ.

"ಅದು ನಮ್ಮೂರ ಮಾರಿಕುಪ್ಪಂ ಐಟಂ ಅಂತ ಹೇಳಿ ಸಾರ್," ಎಂದ ಸವರಿಮುತ್ತು, ಉಸಿರು ಎಳೆದುಕೊಳ್ಳುತ್ತ. ನಡುವೆ ಎರಡು ಸಲ ನಿಂತು, ಕೆಮ್ಮಿ, ಮತ್ತೆ ಊದಿದ. ಯಾರೂ ಅಲುಗಲಿಲ್ಲ. ಮುಗಿದ ಮೇಲೆ ಅವರು ಎದ್ದುನಿಂತು ತಟ್ಟಿದ ಚಪ್ಪಾಳೆಗೆ ಲ್ಯಾಪ್‌ಟಾಪಿನ ಸಣ್ಣ ಸ್ಪೀಕರು ಗರಗರ ಎಂದಿತು.

ಹಾರ್ನ್ ಒರೆಸುತ್ತ ಸವರಿಮುತ್ತು ಮೆಲ್ಲಗೆ ಹೇಳಿದ: "ಸಾವಿನ ಮನೇಲಿ ಯಾರೂ ಕೈ ತಟ್ಟಲ್ಲ ಸಾರ್. ಮರ್ತೇ ಹೋಗಿತ್ತು, ಸೌಂಡ್ ಹೆಂಗಿರತ್ತೆ ಅಂತ."

ಸೋದರಿ ನಗರಗಳಾಗಲು ತಮ್ಮ ಕಡೆಯಿಂದ ಆಕ್ಷೇಪಣೆಯಿರುವುದಿಲ್ಲ, ಮುಂದಿನ ತಿಂಗಳ ದಿನವನ್ನು ನಾವೇ ಗೊತ್ತುಮಾಡಬೇಕು, ಸಮಯವನ್ನು ಮಾತ್ರ ತಾವೇ ಗೊತ್ತುಮಾಡುತ್ತೇವೆ ಎಂದು ಡೊರೊತಿಯಮ್ಮ ವಿನಯದಿಂದ ತಿಳಿಸಿದರು. ನಾರಾಯಣಪ್ಪನ ಬಸ್ಸು ಹೋಗಿಬಿಟ್ಟಿತ್ತು. "ಓದ್ರೆ ಓಗ್ಲಿ ಬುಡಿ ಸಾ, ಬಸ್ ದಿನಾ ಬತ್ತದೆ" ಎಂದ ಕಂಡಕ್ಟರು.

ಉಳಿದದ್ದು ನಡಾವಳಿ. ಸಭೆಯ ದಿನವೇ ನಡಾವಳಿ ಬರೆಯದೆ ನಾನು ಊಟಕ್ಕೆ ಕೂತವನಲ್ಲ. ಉಳಿದವರನ್ನು ಕಳುಹಿಸಿ, ಸಹಿಗೆ ಸವರಿಮುತ್ತುವನ್ನು ಉಳಿಸಿಕೊಂಡು, ಪುಸ್ತಕ ತೆರೆದೆ. ಸುಳ್ಳು ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಸತ್ಯವನ್ನು ಹೇಗೆ ನಿಲ್ಲಿಸಿದರೆ ಫೋಟೋ ಚೆನ್ನಾಗಿ ಬರುತ್ತದೆಂಬುದು ಯಾವ ಗುಮಾಸ್ತನಿಗೆ ಗೊತ್ತಿಲ್ಲ? ಸ್ವಲ್ಪ ಯೋಚಿಸಿ ಹೀಗೆ ಬರೆದೆ: "ಸಭೆಯ ನಿಗದಿತ ಸಮಯ ಸಂಜೆ ನಾಲ್ಕೂವರೆ. ಸಂಚಾಲಕರು ಒಂದು ಗಂಟೆಗೂ ಮುಂಚಿತವಾಗಿಯೇ ಹಾಜರಿದ್ದರು."

ಸವರಿಮುತ್ತುವಿಗೆ ಓದಿ ಹೇಳಿದೆ. ಅವನು ತಲೆದೂಗಿದ, ನನ್ನ ಪೆನ್ನು ಇಸಿದುಕೊಂಡ, ಸಹಿ ಹಾಕುವ ಮೊದಲು ಕೆಳಗೆ ತಮಿಳಿನಲ್ಲಿ ಒಂದು ಸಾಲು ಬರೆದ. ಏನೆಂದು ಕೇಳಿದೆ.

"ಬಂದು, ಬೀಗ ಹಾಕ್ಕೊಂಡು ಹೊರಟೋಗಿದ್ರು ಅಂತ ಬರ್ದಿದೀನಿ ಸಾರ್. ಇಂಕ್‌ನಲ್ಲಿ."

ತಿದ್ದುವ ಪದ್ಧತಿ ಇಲ್ಲವಲ್ಲ. ಅದರ ಕೆಳಗೆ ಸಹಿ ಹಾಕಿದೆ, ವೇಳೆ ನಮೂದಿಸಿದೆ: ಆರು ಗಂಟೆ ಹತ್ತು ನಿಮಿಷ.