ಷಟ್ಪದಿಗೆ ಸಿಕ್ಕ ಪ್ರೇಮಗೀತೆ

“ಆ ಬೆಳದಿಂಗಳ ಹಾಡಿನಾಗ ಕೊಳಲು ಊದಿದಾಂವ ಯಾರಿರಬಹುದು?”

ಸಾಹೇಬರು ಕಿಟಕಿಯ ಕಡೆ ಮುಖ ಮಾಡಿ ಕೇಳಿದರು. ಕಿಟಕಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ಫೈಲು ಹಿಡಿದು ನಿಂತಿದ್ದ ಗುಮಾಸ್ತ ವಿರುಪಣ್ಣನಿಗೂ ಗೊತ್ತಿರಲಿಲ್ಲ. ಸಾಹೇಬರು ನಿಟ್ಟುಸಿರು ಬಿಟ್ಟರು. ವಿರುಪಣ್ಣ ಫೈಲನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ.

ಎಂಬತ್ನಾಲ್ಕರ ಆಷಾಢದ ಕೊನೆಯ ದಿನ ಅದು. ಕುಷ್ಟಗಿಯ ಆ ಬೀಜದ ಗೋದಾಮಿನ ಕಚೇರಿಯಿಂದ ಒಬ್ಬ ಗುಮಾಸ್ತ ನವಲಿಗೆ ವರ್ಗವಾಗಬೇಕಿತ್ತು. ವಿರುಪಣ್ಣ, ಇಲ್ಲವೆ ಹನುಮಂತಪ್ಪ. ಯಾರೆಂಬುದನ್ನು ಸಾಹೇಬರು ಸಂಜೆಯೊಳಗೆ ಬರೆಯುವವರಿದ್ದರು. ನವಲಿ ಕೆಟ್ಟ ಊರೇನಲ್ಲ. ಕಾಲುವೆಯ ನೀರುಂಟು, ನೆಲ್ಲುಂಟು. ಆದರೆ ಮರುದಿನದಿಂದ ಶ್ರಾವಣ. ತಿಂಗಳಿಡೀ ಮಠದಲ್ಲಿ ಪುರಾಣ ಓದುವ ಮಣೆ ವಿರುಪಣ್ಣನದು. ವರ್ಷದ ಉಳಿದ ತಿಂಗಳು ಅವನ ಮಾತನ್ನು ಹೆಂಡತಿಯೂ ಕೇಳುತ್ತಿರಲಿಲ್ಲ; ಆ ಒಂದು ತಿಂಗಳು ಊರೇ ಕೂತು ಕೇಳುತ್ತಿತ್ತು.

“ಚಿಂತಿ ಮಾಡಬ್ಯಾಡೋ ಮಾರಾಯ,” ಎಂದ ಹನುಮಂತಪ್ಪ, ಮುಂಜಾನೆಯ ಟಪಾಲು ಒಡೆದು ಓದಿ ಬದಿಗಿಡುತ್ತ. ಎಪ್ಪತ್ತರ ದಶಕದ ಯಾವುದಾದರೊಂದು ಪ್ರೇಮಗೀತೆ ಅವನ ಬಾಯಲ್ಲಿ ಎಲೆ-ಅಡಿಕೆಯ ಹಾಗೆ ಸದಾ ಇರುತ್ತಿತ್ತು; ಸಾಹೇಬರ ಎದುರಿಗೆ ಮಾತ್ರ ನುಂಗಿಕೊಳ್ಳುತ್ತಿದ್ದ. “ಸಾಹೇಬ್ರಿಗೆ ಹಳೇ ಪ್ರೇಮಗೀತಿ ಅಂದ್ರ ಜೀವ. ಯಾರು ಬರದ್ರು, ಯಾರು ಬಾರಿಸಿದ್ರು, ಎಲ್ಲಿ ಕುಣದ್ರು, ಇಂಥಾದ್ದು ಹೇಳಾವ್ರು ಸಿಕ್ರ ಕೈ ಬಿಡೂದಿಲ್ಲ. ಕಲ್ತು ಹೇಳು.”

“ನಿನಗ ಎಲ್ಲಾ ಬರ್ತೈತಿ. ನೀನ ಹೇಳಬಹುದಲ್ಲ?”

“ನಿನ್ನ ಪುರಾಣ ನಿಲ್ಲಬಾರದು ನೋಡಪಾ.”

ಇಂಥ ಭಕ್ತಿ ಅವನಲ್ಲಿ ಯಾವಾಗ ಹುಟ್ಟಿತೆಂದು ವಿರುಪಣ್ಣ ಕೇಳಲಿಲ್ಲ. ಕಣ್ಣು ತುಂಬಿ ಬಂದಿದ್ದರಿಂದ ಅದು ತೋಚಲೂ ಇಲ್ಲ.

ಊಟದ ಹೊತ್ತಿಗೆ ಹೊರಬಿದ್ದ. ಕಚೇರಿಯ ಹಿಂದಿನ ಮನೆಯ ಕಟ್ಟೆಯ ಮೇಲೆ ಜವಾನ ಸಾಹೇಬರ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ. ತಿಗಣೆ ಬಿದ್ದಿರಬೇಕು ಎಂದುಕೊಂಡು ವಿರುಪಣ್ಣ ಬಸ್‌ಸ್ಟ್ಯಾಂಡಿನ ಬಳಿ ಜಿಲಾನಿಯ ಮೈಕ್‌ಸೆಟ್ ಅಂಗಡಿಗೆ ನಡೆದ. ಮದುವೆಗಳಲ್ಲಿ ಹಾಡು ಹಾಕುವ ಜಿಲಾನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಗೊತ್ತಿಲ್ಲದಿದ್ದರೆ ಅಲ್ಲೇ ಹುಟ್ಟಿಸುತ್ತಿದ್ದ.

“ಕೇಳ್ರಿ ಗುರುಗಳ. ಆ ಮಳಿ ಹಾಡಿನಾಗ ನಾಯಕಿ ಛತ್ರಿ ಕೆಂಪು.”

“ಅದು ಕಪ್ಪು-ಬಿಳಿ ಸಿನಿಮಾ ಅಲ್ಲೇನೋ?”

“ನಿಮಗ ಕರೇ ಕಾಣ್ತೈತ್ರಿ. ಖರೇ ಅಂದ್ರ ಕೆಂಪೈತಿ. ಹಿಮದ ಹಾಡಿನಾಗ ಅದು ಹಿಮ ಅಲ್ರಿ, ಉಪ್ಪು. ಅದಕ್ಕ ನಾಯಕ ಜಾರಿ ಬಿದ್ದು ಎದ್ದಾಗ ತುಟಿ ನೆಕ್ಕೋತಾನ.”

“ಬೆಳದಿಂಗಳ ಹಾಡಿನ ಕೊಳಲು?”

“ಊದಾಂವ ಬರಲಿಲ್ಲಂತ ಪಿಟೀಲಿನವನ ಮಾವನ್ನ ಕೂಡಿಸಿ ಬಾಯಿಲೆ ಶಿಳ್ಳಿ ಹಾಕಿಸ್ಯಾರ. ಪಾಪ, ಮುಂದಿನ ಎರಡು ಹಲ್ಲು ಇರಲಿಲ್ಲ. ಅದಕ್ಕ ಅಷ್ಟು ಇಂಪು.”

ಬಸ್ಸಿಗೆ ಕಾಯುತ್ತಿದ್ದವರು ಸುತ್ತ ನೆರೆದು ಆಳಿಗೊಂದು ಸತ್ಯ ಸೇರಿಸಿದರು. ತಾವರಗೇರಾದ ಬಸ್ಸು ತಪ್ಪಿದರೂ ಒಬ್ಬರೂ ಕದಲಲಿಲ್ಲ.

ಇಷ್ಟನ್ನೂ ನೆನಪಿಡಲು ವಿರುಪಣ್ಣನಿಗೆ ತಿಳಿದಿದ್ದ ದಾರಿ ಒಂದೇ. ಎಲ್ಲವನ್ನೂ ಷಟ್ಪದಿಯ ಧಾಟಿಗೆ ಕೂಡಿಸಿಕೊಂಡು, ಗುನುಗುತ್ತ, ಕಚೇರಿಗೆ ಬಂದು ಸಾಹೇಬರ ಕೋಣೆ ಹೊಕ್ಕ.

“ಸಾಹೇಬ್ರ, ಆ ಕೊಳಲಿಂದು…”

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. “ಯಾರು? ಹೇಳು ಲಗೂನ!”

ಲಗೂ ಹೇಳುವುದು ಸಾಧ್ಯವಿರಲಿಲ್ಲ. ಬಾಯಿಪಾಠ ಮಾಡಿ ಕಲಿತವನಿಗೆ ಪದ್ಯ ನಡುವಿನಿಂದ ಬರುವುದಿಲ್ಲ, ಮೊದಲಿನಿಂದಲೇ ಹಿಡಿಯಬೇಕು. ವಿರುಪಣ್ಣ ಕಣ್ಣು ಮುಚ್ಚಿ, ಕೈ ಮುಗಿದು, ಗಣಪತಿಯಿಂದ ಆರಂಭಿಸಿದ. ಕೆಂಪು ಛತ್ರಿ ಬಂತು. ಉಪ್ಪಿನ ಹಿಮ ಬಂತು. ಬಸ್‌ಸ್ಟ್ಯಾಂಡಿನವರು ಕೊಟ್ಟ ಸತ್ಯಗಳೆಲ್ಲ ರಾಗವಾಗಿ ಎಳೆಎಳೆಯಾಗಿ ಬಂದವು. ಕಟ್ಟಕಡೆಗೆ ಹಲ್ಲಿಲ್ಲದ ಮಾವ ಶಿಳ್ಳೆ ಹಾಕಿದ. ರೂಢಿ ಬಿಡದೆ ವಿರುಪಣ್ಣ “ಹರ ಹರ” ಎಂದ. ಹೊರಗಿನಿಂದ ಜವಾನ “ಮಹಾದೇವ” ಎಂದ.

ಸಾಹೇಬರು ಕಣ್ಣೊರೆಸಿಕೊಂಡರು. “ಇಷ್ಟು ದಿನ ಎಲ್ಲಿದ್ಯೋ ತಮ್ಮಾ? ನವಲಿ ಗೋದಾಮಿಗೆ ನನ್ನೂ ಹಾಕ್ಯಾರ. ಮುಂಜಾನಿ ಟಪಾಲಿನಾಗ ಬಂತು. ಆ ಗದ್ದಿ ನಡುವ ಯಾರ ಜೋಡಿ ಹಾಡಿನ ಮಾತಾಡ್ಲಿ ಅಂತ ಕುಂತಿದ್ದೆ. ಒಬ್ಬ ಗುಮಾಸ್ತನ್ನ ಜೋಡಿ ಕರ್ಕೊಂಡ ಹೋಗಬೇಕಲ್ಲ, ಹನುಮಂತಪ್ಪನ್ನ ಕರದು ಕೇಳ್ದೆ. ಸಿನಿಮಾ ಅಂದ್ರ ಏನಂತನ ಗೊತ್ತಿಲ್ಲಂತ! ಬರೇ ಪುರಾಣಂತ. ನಾಳಿಂದ ಮಠದಾಗ ಓದಾಕ ತಯಾರದಾನ. ಅಂಥಾ ಭಕ್ತನ್ನ ಹೆಂಗ ಕೀಳ್ಲಿ?”

ಹೊರಗೆ ಹನುಮಂತಪ್ಪನ ಗುನುಗು ನಿಂತಿತು. ತುಸು ಹೊತ್ತಿಗೆ ಅದೇ ಪ್ರೇಮಗೀತೆಯ ಧಾಟಿಯಲ್ಲಿ “ನಮಃ ಶಿವಾಯ” ಕೇಳಿಸತೊಡಗಿತು.

ವಿರುಪಣ್ಣ ಮೇಜಿಗೆ ಜೋತುಬಿದ್ದ. “ಸಾಹೇಬ್ರ, ಪುರಾಣದಾಂವ ನಾನ್ರೀ! ಹಾಡು ನನಗ ಒಂದೂ ಗೊತ್ತಿಲ್ಲ. ಇದೆಲ್ಲಾ ಇವತ್ತ ಮಧ್ಯಾಹ್ನ ಜಿಲಾನಿ ಅಂಗಡಿಯಾಗ ಕಲ್ತದ್ದು, ಅರ್ಧ ಸುಳ್ಳೂ ಇರಬಹುದು. ಕೈ ಮುಗಿತೀನ್ರಿ, ಶ್ರಾವಣ ಒಂದು ತಿಂಗಳು ನನ್ನ ಬಿಟ್ಟುಬಿಡ್ರಿ!”

“ಒಂದ ಮಧ್ಯಾಹ್ನದಾಗ ಇಷ್ಟು ಕಲ್ತಿ?” ಸಾಹೇಬರ ಕಣ್ಣು ಇನ್ನಷ್ಟು ಅರಳಿದವು. ಆರ್ಡರಿನಲ್ಲಿ ವಿರುಪಣ್ಣನ ಹೆಸರು ಬರೆದು, ಶಾಯಿ ಆರಲೆಂದು ಮೆಲ್ಲಗೆ ಊದಿದರು.

“ಬಿಡೂದಿಲ್ಲ.”