ಒಂದು ವಾರದ ಮಾಲಕ

"ಅನುಸೂಯಾ, ನೆನಪಿಟ್ಕೋ! ಈ ವರ್ಷ ಒಂದು ವಾರ ನೀ ಕಾಲು ಚಾಚಿ ಕೂಡಬೇಕು, ಯಾರರೆ ಚಹಾ ಮಾಡಿ ತಂದು ನಿನ್ನ ಕೈಯಾಗ ಕೊಡಬೇಕು. ಹಂಗ ಮಾಡ್ಲಿಲ್ಲಂದ್ರ ನನ್ನ ಹೆಸರು ಶಿವರಾಜಪ್ಪನೇ ಅಲ್ಲ!"

ಭಾಲ್ಕಿ ಬಸ್ ನಿಲ್ದಾಣದ ಹತ್ತಿರ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಮರುಜೀವ ಕೊಡುವ ಶಿವರಾಜಪ್ಪ ಹೀಗೆ ಘರ್ಜಿಸಿದರೂ ಅವನ ಹೆಂಡತಿ ಅನುಸೂಯಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವನು ಹೆಸರನ್ನು ಪಣಕ್ಕಿಟ್ಟದ್ದು ಇದೇ ಮೊದಲೇನಲ್ಲ. ಸೋರುವ ಮಾಳಿಗೆ ರಿಪೇರಿ ಮಾಡಿಸುತ್ತೇನೆಂದು ಒಮ್ಮೆ, ಗುಟಕಾ ಬಿಡುತ್ತೇನೆಂದು ಇನ್ನೊಮ್ಮೆ ಇಟ್ಟಿದ್ದ. ನ್ಯಾಯವಾಗಿ ನೋಡಿದರೆ ಆ ಮನುಷ್ಯನಿಗೆ ಈಗ ಹೆಸರೇ ಇರಬಾರದಿತ್ತು!

ಆದರೂ ಆ ಚಹಾದ ಮಾತು ಅವಳ ಮನಸ್ಸಿಗೆ ನಾಟಿತು. ಮದುವೆಯಾದಾಗಿನಿಂದ ಬೆಳಗಿನ ಚಹಾ ಅವಳೇ ಮಾಡಬೇಕು. ಬೇರೆಯವರ ಕೈಯ ಬೆಳಗಿನ ಚಹಾ ಕುಡಿದದ್ದೆಂದರೆ ಮಗಳು ಈಶ್ವರಿಯನ್ನು ಹೆತ್ತಾಗ, ಆಸ್ಪತ್ರೆಯಲ್ಲಿ. ಅದೂ ಆರಿ ತಣ್ಣಗಾಗಿತ್ತು. ಬಿಸಿ ಚಹಾ ಒಂದು ಸಲವಾದರೂ ತಾನಾಗಿ ಕೈಗೆ ಬರಬೇಕೆಂಬುದು ಅವಳ ಬದುಕಿನ ಏಕೈಕ ಆಸೆಯಾಗಿತ್ತು.

ಘರ್ಜನೆಗೆ ಕಾರಣ ಒಂದು ಫೋನು. ದಂಪತಿಗಳಾಗಿ ಬೀದರಿನ ದೊಡ್ಡ ಹೋಟೆಲಿಗೆ ಬನ್ನಿ, ವರ್ಷಕ್ಕೊಂದು ವಾರ ರಜೆಯ ಯೋಜನೆ ಕೇಳಿ, ಪುಕ್ಕಟೆ ಊಟ ಮಾಡಿ, ಕುಕ್ಕರ್ ಒಯ್ಯಿರಿ ಎಂದು ಕರೆದಿದ್ದರು. ಶಿವರಾಜಪ್ಪ ಮದುವೆಯ ಕೋಟು ತೆಗೆದು ಹಾಕಿಕೊಂಡ. ಗುಂಡಿ ಹಾಕಲು ಹೊಟ್ಟೆ ಒಪ್ಪಲಿಲ್ಲ. ಅಲ್ಲಿ ಟೈ ಕಟ್ಟಿದ ಸತೀಶಕುಮಾರ ಎಂಬ ಹುಡುಗ ಪರದೆಯ ಮೇಲೆ ಗೋವಾದ ಸಮುದ್ರ ತೋರಿಸಿ, ಅದರ ದಂಡೆಯ ರೆಸಾರ್ಟಿನ ಕೋಣೆಯೊಂದು ವರ್ಷಕ್ಕೆ ಒಂದು ವಾರದಂತೆ ಇಪ್ಪತ್ತೈದು ವರ್ಷ ನಿಮ್ಮದು ಎಂದ.

"ಒಂದು ವಾರ ನಮ್ಮದು. ಉಳಿದ ವಾರ ಯಾರದಪ್ಪಾ?" ಎಂದು ಕೇಳಿದಳು ಅನುಸೂಯಾಬಾಯಿ.

"ಬೇರೆ ಮಾಲಕರದು, ಮೇಡಂ."

"ಕಸ ಯಾರು ಬಳೀತಾರ?"

"ನಾವೇ ಮೇಡಂ! ನೀವು ಬೆರಳು ಸಹ ಎತ್ತೋ ಹಾಗಿಲ್ಲ."

"ಮತ್ತ ವರ್ಷಾ ಕಟ್ಟಬೇಕು ಅಂತೀರಲ್ಲ, ಮೆಂಟೆನೆನ್ಸು, ಅದು ಏನು?"

ಸತೀಶಕುಮಾರ ನೀರು ಕುಡಿದ. ಅನುಸೂಯಾಬಾಯಿ ಗಂಡನ ಕಿವಿಯಲ್ಲಿ ಉಸುರಿದಳು: "ರೀ, ಇಷ್ಟು ರೊಕ್ಕದಾಗ ಬೇಕಾದಾಗ ಬೇಕಾದ ಊರಾಗ ಲಾಡ್ಜ್ ಹಿಡೀಬಹುದಲ್ಲ?"

"ಲಾಡ್ಜ್! ಛೀ! ಅದು ಬಾಡಿಗಿ. ಇದು ಮಾಲ್ಕಿ! ಮೋಟಾರ್ ಬಾಡಿಗಿ ತರೋರು ಬ್ಯಾರೆ, ಸ್ವಂತ ಮೋಟಾರ್ ಇದ್ದೋರು ಬ್ಯಾರೆ!"

ಮಾಳಿಗೆ ರಿಪೇರಿಗೆಂದು ಇಟ್ಟಿದ್ದ ಹಣ ಗೋವಾದ ಸಮುದ್ರದಲ್ಲಿ ಕರಗಿತು. ಕುಕ್ಕರ್ ಭಾಲ್ಕಿಗೆ ಬಂತು. ಅದರ ಸೀಟಿ ಮಾತ್ರ ಹೊಡೆಯುತ್ತಿರಲಿಲ್ಲ.

ಅಂದಿನಿಂದ ಅಂಗಡಿಗೆ ಮೋಟಾರು ಹೊತ್ತು ತಂದ ರೈತರು ಮೊದಲು ಸಮುದ್ರ ನೋಡಬೇಕು, ಆಮೇಲೆ ಮೋಟಾರಿನ ಮಾತು. "ಇದು ನನ್ನ ಬಾಲ್ಕನಿ. ಇದು ನನ್ನ ಈಜುಕೊಳ." ಈಜಲು ಬರುವುದೇ ಇಲ್ಲವಲ್ಲ ಎಂದು ಯಾರೋ ಅಂದದ್ದಕ್ಕೆ, "ಮಾಲಕ ಯಾಕ ಈಜ್ತಾನ?" ಎಂದು ಗದರಿಸಿದ್ದ.

ಡಿಸೆಂಬರಿನ ವಾರವೂ ಗೊತ್ತಾಯಿತು. ಅನುಸೂಯಾಬಾಯಿ ಹೊಸ ಚಪ್ಪಲಿ ತಂದು, ಮರಳಿನಲ್ಲಿ ನಡೆದರೆ ಜಾರಬಾರದೆಂದು ಅಂಗಳದಲ್ಲಿ ನಡೆದು ನಡೆದು ನೋಡಿದಳು. ಇಷ್ಟರಲ್ಲಿ ಠಾಣಾ ಕುಶನೂರಿನಿಂದ ಬೀಗರು, ಈಶ್ವರಿಯ ಅತ್ತೆ ಮಾವ, ಬಂದರು.

ಇಲ್ಲೊಂದು ಸಂಗತಿ ಹೇಳದೆ ಕತೆ ಮುಂದಕ್ಕೆ ಹೋಗುವುದಿಲ್ಲ. ಭಾಲ್ಕಿಯ ಹಳೆಯ ಮನೆಗಳಲ್ಲಿ ಒಂದು ಮರ್ಯಾದೆ ಉಂಟು. ಬಂದವರು ಮನೆಯ ಯಾವುದೇ ವಸ್ತುವನ್ನು ಹೊಗಳಿದರೆ, ಮನೆಯವರು ಕೂಡಲೇ "ನಿಮ್ಮದೇ ಅದರಿ" ಅನ್ನಬೇಕು. ಆಗ ಬಂದವರು "ಇರ್ಲಿರಿ, ನಿಮ್ಮಲ್ಲಿದ್ರ ನಮ್ಮಲ್ಲಿದ್ದಂಗ" ಅನ್ನಬೇಕು. ಇಬ್ಬರೂ ನಗಬೇಕು. ವಸ್ತು ಇದ್ದಲ್ಲೇ ಇರಬೇಕು! ಹೀಗೆ ಶಿವರಾಜಪ್ಪ ತನ್ನ ಫ್ರಿಜ್ಜು, ಗೋಡೆ ಗಡಿಯಾರ, ಮೋಟರ್ ಸೈಕಲ್ ಎಲ್ಲವನ್ನೂ ಎಷ್ಟೋ ಸಲ ದಾನ ಮಾಡಿದ್ದ. ಒಂದೂ ಹೊಸ್ತಿಲು ದಾಟಿರಲಿಲ್ಲ.

ಬೀಗ ಮಾಣಿಕಪ್ಪ ರೆಸಾರ್ಟಿನ ಫೋಟೋ ನೋಡಿ ಬೆರಗಾದ. "ಭಾಳ ಛಂದ ಅದರಿ, ಬೀಗರ!"

"ಎಲ್ಲಾ ನಿಮ್ಮದೇ ಅದರಿ!" ಎಂದ ಶಿವರಾಜಪ್ಪ, ಹೂ ಚೆಲ್ಲಿದಂತೆ.

ಮಾಣಿಕಪ್ಪ ಹೊಲ, ಎಮ್ಮೆ ಬಿಟ್ಟು ಬೇರೆ ಗೊತ್ತಿಲ್ಲದ ಸರಳ ಮನುಷ್ಯ. ಮರ್ಯಾದೆಯ ಎರಡನೆಯ ಅರ್ಧ ಅವನಿಗೆ ಯಾರೂ ಕಲಿಸಿರಲಿಲ್ಲ. ಕಪ್ಪು ಕೆಳಗಿಟ್ಟು ಕೇಳಿದ:

"ಹೌದಾ? ಹಂಗಾದ್ರ ಯಾವಾಗ ಹೋಗಬೇಕ್ರಿ?"

ಅಡುಗೆಮನೆಯಲ್ಲಿ ಪಾತ್ರೆಯೊಂದು ಧೊಪ್ಪೆಂದು ಬಿತ್ತು. ಶಿವರಾಜಪ್ಪ ಫೋಟೋ ಹಿಂದಕ್ಕೆ ಎಳೆದುಕೊಂಡ, ಮತ್ತೆ ಮುಂದಿಟ್ಟ. ಹೆಣ್ಣು ಕೊಟ್ಟ ಮನೆ! ಕೊಟ್ಟೆ ಎಂದವನು ಇಲ್ಲ ಎನ್ನುವುದು ಹೇಗೆ? ಅಷ್ಟರಲ್ಲಿ ಮಾಣಿಕಪ್ಪನ ಹೆಂಡತಿ ಬಸವೇಶ್ವರಿ ಆಗಲೇ ಮಗನಿಗೆ ಫೋನು ಹಚ್ಚಿದ್ದಳು. ಆ ಕಡೆಯಿಂದ ಈಶ್ವರಿ "ಅಪ್ಪಾ, ನೀ ಎಷ್ಟು ಛಲೋ ಅಪ್ಪಾ!" ಎಂದು ಕಿರುಚಿದಳು. ಕೋಣೆಯಲ್ಲಿ ನಾಲ್ವರಿಗೆ ಜಾಗ. ಬೀಗರಿಬ್ಬರು, ಮಗಳು ಅಳಿಯ. ಲೆಕ್ಕ ಸರಿಹೋಯಿತು!

ಹೊರಡುವಾಗ ಮಾಣಿಕಪ್ಪ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಒಂದೇ ತ್ರಾಸ ಅದರಿ, ಬೀಗರ. ನಾವೆಲ್ಲಾ ಹ್ವಾದ್ರ ನಮ್ಮ ಎಮ್ಮಿ ಯಾರು ನೋಡ್ಕೋತಾರ?"

"ನಾವಿಲ್ಲೇನ್ರಿ!" ಎಂದುಬಿಟ್ಟ ಶಿವರಾಜಪ್ಪ. ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು ನೋಡಿ!

ಬೀಗರು ಹೋದ ಮೇಲೆ ಮನೆಯಲ್ಲಿ ಯುದ್ಧ ನಡೆಯುತ್ತದೆಂದು ಅವನು ಸಿದ್ಧನಾಗಿದ್ದ. ಅನುಸೂಯಾಬಾಯಿ ಬೈಯಲಿಲ್ಲ, ಅಳಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಹೊಸ ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಅವಳು ಕೇಳಿದ್ದು ಒಂದೇ ಮಾತು:

"ಆ ವಾರ ನನ್ನದು ಅಂದಿದ್ರಲ್ಲ?"

"ಹೌದು, ಆದ್ರ..."

"ಊರು ಬದಲಾಗ್ಯದ. ವಾರ ಬದಲಾಗಿಲ್ಲ."

ಠಾಣಾ ಕುಶನೂರಿನ ಬೀಗರ ಮನೆಯಲ್ಲಿ ಮೊದಲ ಬೆಳಗು. ಅಂಗಳದ ಹಗ್ಗದ ಹೊರಸಿನ ಮೇಲೆ ಅನುಸೂಯಾಬಾಯಿ ಹೊಸ ಚಪ್ಪಲಿ ಮೆಟ್ಟಿ, ಕಾಲು ಚಾಚಿ, ಎದುರಿನ ತೊಗರಿ ಹೊಲವನ್ನೇ ಸಮುದ್ರವೆಂಬಂತೆ ನೋಡುತ್ತ ಕೂತಿದ್ದಳು.

"ಚಹಾ?" ಎಂದು ಹೊರಗೆ ಇಣುಕಿದ ಶಿವರಾಜಪ್ಪ, ರೂಢಿಯಂತೆ.

"ಹೌದು, ಚಹಾ. ಬಿಸಿ ಇರ್ಲಿ. ನಾ ಬೆರಳು ಸಹ ಎತ್ತೋ ಹಂಗಿಲ್ಲ, ಆ ಟೈ ಹುಡುಗನೇ ಹೇಳ್ಯಾನ."

ಚಹಾಕ್ಕೆ ಹಾಲು ಬೇಕು. ಹಾಲು ಎಮ್ಮೆಯಲ್ಲಿತ್ತು! ಹತ್ತು ಎಚ್‌ಪಿ ಮೋಟಾರನ್ನು ಬಿಚ್ಚಿ ಜೋಡಿಸುವ ಮಹಾವೀರ ಬಕೆಟ್ ಹಿಡಿದು ಕೊಟ್ಟಿಗೆಗೆ ನಡೆದ. ಎಮ್ಮೆ ಅವನನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಒದೆಯಿತು. ಬಕೆಟ್ ಒಂದು ಕಡೆ, ಮಾಲಕ ಒಂದು ಕಡೆ!

ಅಷ್ಟರಲ್ಲಿ ಗೋವಾದಿಂದ ವಿಡಿಯೋ ಕಾಲ್. ಮಾಣಿಕಪ್ಪ ಬಾಲ್ಕನಿಯಲ್ಲಿ ಕೂತು ಚಹಾ ಹೀರುತ್ತಿದ್ದ. "ಬೀಗರ, ನೋಡ್ರಿ ನಿಮ್ಮ ಸಮುದ್ರ! ನಮ್ಮ ಎಮ್ಮಿ ಹ್ಯಾಂಗ ಅದ?"

ಶಿವರಾಜಪ್ಪ ಮೈಮೇಲಿನ ಸಗಣಿ ಒರೆಸಿಕೊಳ್ಳುತ್ತ, "ಸನೇಕ ಬಿಟ್ಟುಕೊಳ್ಳವಲ್ದರಿ, ಹತ್ರ ಹ್ವಾದ್ರ ಒದೀತದ," ಎಂದ.

"ಅಯ್ಯ, ಅದಕ್ಕ ನಮ್ಮಾಕಿ ಸೀರಿ ಗುರುತು ಅದರಿ! ಗೂಟದ ಮ್ಯಾಲಿಂದು ಹಸರು ಸೀರಿ ಸುತ್ಕೋರಿ. ತಲಿಮ್ಯಾಲ ಸೆರಗು ಮರೀಬ್ಯಾಡ್ರಿ!"

ಪಾಠಕ ಮಹಾಶಯರೇ, ನಗಬೇಡಿ. ಶಿವರಾಜಪ್ಪ ಹಸಿರು ಸೀರೆ ಸುತ್ತಿಕೊಂಡ. ತಲೆಯ ಮೇಲೆ ಸೆರಗು ಹೊದ್ದ. ಎಮ್ಮೆ ಮೂಸಿತು, ಕಣ್ಣು ಮುಚ್ಚಿತು, ಹಾಲು ಕೊಟ್ಟಿತು! ಅರ್ಧ ಗಂಟೆಯಲ್ಲಿ ಒಂದು ಕಪ್ಪು ಬಿಸಿ ಚಹಾ ಅನುಸೂಯಾಬಾಯಿಯ ಕೈ ಸೇರಿತು. ಸಕ್ಕರೆ ಜಾಸ್ತಿ, ಶುಂಠಿಯ ಸುಳಿವಿಲ್ಲ. ಅವಳು ಒಂದು ಗುಟುಕು ಕುಡಿದಳು. ಕಣ್ಣಲ್ಲಿ ನೀರು ಬಂದಿತ್ತು.

"ಛಲೋ ಆಗ್ಯದರಿ," ಎಂದಳು ಮೆಲ್ಲಗೆ.

ಶಿವರಾಜಪ್ಪನಿಗೆ ಖುಷಿಯಾಯಿತು, ಹಿಂದೆಯೇ ನಾಚಿಕೆಯೂ ಆಯಿತು. ಇಷ್ಟೇ ಬೇಕಿತ್ತಲ್ಲ ಇವಳಿಗೆ! ಇದಕ್ಕೆ ಮಾಳಿಗೆಯ ಹಣವೆಲ್ಲ ಹಾಕಿ ಸಮುದ್ರ ಯಾಕೆ ಕೊಂಡೆ?

ಹಾಗಂತ ವಾರ ಮುಗಿಯುವವರೆಗೂ ಅವನಿಗೆ ಬಿಡುಗಡೆ ಸಿಗಲಿಲ್ಲ. ಬೆಳಿಗ್ಗೆ ಚಹಾ, ಸಂಜೆ ಚಹಾ, ನಡುವೆ ಸಗಣಿ. ರೊಟ್ಟಿ ಬಡಿಯಲು ಕೂತು ಭೂಪಟ ಬಡಿದ. ಕೊನೆಯ ದಿನದ ಹೊತ್ತಿಗೆ ಚಹಾದಲ್ಲಿ ಶುಂಠಿ ಬಂದಿತ್ತು, ರೊಟ್ಟಿ ದುಂಡಗಾಗಿತ್ತು.

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಬಿಸ್ಮಿಲ್ಲಾಬೀ, ಮಗಳ ಊರಿಗೆ ಹೋಗಿದ್ದವಳು, ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಗೋಡೆಯ ಮೇಲಿಂದ ಹಸಿರು ಸೀರೆ ಕಂಡು ಕೂಗಿದಳು: "ಅರೆ ಬಸವೇಶ್ವರಿ, ಗೋವಾದಿಂದ ಬಂದ್ರೇನು?"

ಸೆರಗು ತಿರುಗಿತು. ಒಳಗೆ ಮೀಸೆ ಇತ್ತು.

"ಯಾ ಅಲ್ಲಾ!"

ಅನುಸೂಯಾಬಾಯಿ ನಕ್ಕು ನಕ್ಕು ಅವಳನ್ನು ಒಳಗೆ ಕರೆದು, ಹೊರಸಿನ ಮೇಲೆ ಕೂರಿಸಿ, ನಡೆದದ್ದನ್ನೆಲ್ಲ ಹೇಳಿದಳು. ಶಿವರಾಜಪ್ಪ ಸೀರೆಯಲ್ಲೇ ಎರಡು ಕಪ್ಪು ಚಹಾ ತಂದಿಟ್ಟ.

"ಮತ್ತ ಆ ಗೋವಾದ ರೊಕ್ಕ ವಸೂಲ್ ಆಯ್ತೇನ್ರಿ?" ಎಂದಳು ಬಿಸ್ಮಿಲ್ಲಾಬೀ.

"ಮೊದಲ ದಿನದ ಚಹಾದಾಗೇ ಆಯ್ತರಿ!" ಎಂದಳು ಅನುಸೂಯಾಬಾಯಿ.

ಬಿಸ್ಮಿಲ್ಲಾಬೀ ಗುಟುಕು ಹೀರಿ ತಲೆದೂಗಿದಳು. "ವ್ಹಾ! ಹಾಲು ಹಿಂಡ್ತಾರ, ಚಹಾ ಕಾಸ್ತಾರ, ರೊಟ್ಟಿನೂ ಬಡೀತಾರಂತ. ಎಂಥಾ ಆದ್ಮಿ! ನಸೀಬ್ ಮಾಡಿರಿ, ಬಾಯಿ!"

"ನಿಮ್ಮದೇ ಅಂತ ತಿಳ್ಕೋರಿ!" ಎಂದಳು ಅನುಸೂಯಾಬಾಯಿ, ಹೂ ಚೆಲ್ಲಿದಂತೆ.

ಶಿವರಾಜಪ್ಪ ಸೆರಗು ಸರಿಮಾಡಿಕೊಂಡು ನಿಂತ. ಬಿಸ್ಮಿಲ್ಲಾಬೀ ಹಳೆಯ ಮನೆತನದ ಹೆಣ್ಣು, ಮರ್ಯಾದೆ ಬಲ್ಲವಳು. ಇರ್ಲಿರಿ, ನಿಮ್ಮಲ್ಲಿದ್ರ ನಮ್ಮಲ್ಲಿದ್ದಂಗ ಎಂದು ಈಗ ಅನ್ನುತ್ತಾಳೆ, ಇನ್ನೇನು ಅಂದೇಬಿಟ್ಟಳು ಎಂದು ಅವಳ ತುಟಿಯನ್ನೇ ನೋಡಿದ.

ಬಿಸ್ಮಿಲ್ಲಾಬೀ ಕಪ್ಪು ಕೆಳಗಿಟ್ಟಳು.

"ಹೌದಾ? ಹಂಗಾದ್ರ ಮುಂದಿನ ವರ್ಷ ಯಾವ ವಾರ ಖಾಲಿ ಇರ್ತಾರ್ರಿ?"