ಬೇಕರಿಗೆ ಹೋದ ಹುಂಜ

ಇಡೀ ಕೋಳಿಯ ಹೊಟ್ಟೆಗೆ ಹಣ್ಣು, ಸೊಪ್ಪು ತುಂಬಿ ಸುಡುವುದು ಬಹಳ ಸುಲಭದ ಕೆಲಸ. ಮಾಡುವ ಮೊದಲು ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಟಿ.ವಿ. ರಿಪೇರಿ ಅಂಗಡಿ ಇದೆ. ಹಳ್ಳಿ ಮನೆಗಳ ಮಾಡಿನ ಮೇಲೆ ಪುಟ್ಟ ಪುಟ್ಟ ಡಿಶ್‌ಗಳು ಆಗಷ್ಟೇ ತಲೆ ಎತ್ತುತ್ತಿದ್ದ ಕಾಲ. ಒಂದು ದಿನ ನೆಮ್ಮಾರಿನ ಮನೆಯೊಂದರಲ್ಲಿ ಡಿಶ್ ಕೂರಿಸಿ, ಸಿಗ್ನಲ್ ಸರಿಯಾಗಿ ಬರುತ್ತಿದೆಯೇ ಎಂದು ಚಾನೆಲ್ ತಿರುಗಿಸುತ್ತಿದ್ದೆ. ಯಾವುದೋ ಇಂಗ್ಲಿಷ್ ಚಾನೆಲ್ಲಿನಲ್ಲಿ ಬಿಳಿ ಟೋಪಿಯವನೊಬ್ಬ ಇಡೀ ಕೋಳಿಯನ್ನು ಮುಂದಿಟ್ಟುಕೊಂಡು, ಅದರ ಹೊಟ್ಟೆಗೆ ಕಿತ್ತಳೆ ಹೋಳು, ಅನಾನಸು, ಎಂಥದೋ ಸೊಪ್ಪು ತುಂಬುತ್ತಿದ್ದ. ಚಿತ್ರ ಸ್ಪಷ್ಟವಾಗಿತ್ತು, ಧ್ವನಿ ಇರಲಿಲ್ಲ. ಧ್ವನಿ ಇದ್ದಿದ್ದರೂ ಆ ಇಂಗ್ಲಿಷು ನನಗೆ ಅರ್ಥವಾಗುತ್ತಿರಲಿಲ್ಲವಾದ್ದರಿಂದ ನಷ್ಟವೇನೂ ಆಗಲಿಲ್ಲ. ಅಷ್ಟರಲ್ಲಿ ಮೋಡ ಕವಿದು ಚಿತ್ರವೂ ಹೋಯಿತು. ನಾನು ಮಾಡು ಹತ್ತಿ, ಡಿಶ್ ಅಲ್ಲಾಡಿಸಿ ಇಳಿದು ಬರುವ ಹೊತ್ತಿಗೆ ಕೋಳಿ ಬೆಂದು, ಹೊಂಬಣ್ಣಕ್ಕೆ ತಿರುಗಿ, ಹಸಿರೆಲೆಗಳ ಹಾಸಿಗೆಯ ಮೇಲೆ ಮಲಗಿತ್ತು. ಸುತ್ತ ಕೂತವರು ಚಪ್ಪಾಳೆ ತಟ್ಟುತ್ತಿದ್ದರು.

ಹೀಗೆ ಆ ಅಡುಗೆಯ ಮೊದಲ ಭಾಗ ಮತ್ತು ಕೊನೆಯ ಭಾಗ ನನಗೆ ಕರಗತವಾದವು. ನಡುವೆ ಸ್ವಲ್ಪ ಬಿಟ್ಟುಹೋಗಿದ್ದು ದೊಡ್ಡ ವಿಷಯವೆನ್ನಿಸಲಿಲ್ಲ.

ಆ ಹೊತ್ತಿಗೆ ನನಗೂ ಯಾರಿಂದಲಾದರೂ ಚಪ್ಪಾಳೆ ಬೇಕಾಗಿತ್ತು. ಹೆಂಡತಿ ಸರೋಜಳ ತಂಗಿ ಸುಮಾಳಿಗೆ ಹೊಸದಾಗಿ ಮದುವೆಯಾಗಿತ್ತು. ಅವಳ ಗಂಡ, ಅಂದರೆ ನನ್ನ ಷಡ್ಡಕ ಪ್ರಕಾಶ, ನರಸಿಂಹರಾಜಪುರದವನು, ದನದ ಡಾಕ್ಟರು. ಮೆತ್ತಗೆ ಮಾತಾಡುತ್ತಾನೆ, ಹಿರಿಯರು ಬಂದರೆ ಎದ್ದು ಜಾಗ ಬಿಡುತ್ತಾನೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದೇ ಒಂದು ಕಾರಣವನ್ನೂ ಅವನು ಕೊಡುತ್ತಿರಲಿಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ. ಮದುವೆ ಮನೆಯಲ್ಲಿ ಕಮ್ಮರಡಿಯ ನಮ್ಮ ಮಾವ ಬಂದವರಿಗೆಲ್ಲ ಅವನನ್ನು ತೋರಿಸಿ, "ಇವರು ನಮ್ಮ ಅಳಿಯಂದ್ರು, ಡಾಕ್ಟ್ರು" ಎನ್ನುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ನನ್ನತ್ತ ತಿರುಗಿ, "ಇವರದ್ದು ಟಿ.ವಿ. ರಿಪೇರಿ" ಎಂದರು. ನಾನೂ ಅಳಿಯನೆಂಬುದು ಅವರಿಗೆ ನೆನಪಾಗುವ ಮೊದಲೇ ಊಟಕ್ಕೆ ಕರೆ ಬಂತು.

ಹಾಗಾಗಿ ಹೊಸ ಜೋಡಿಯನ್ನೂ, ಪ್ರಕಾಶನ ತಾಯಿಯನ್ನೂ, ಮಾವನವರನ್ನೂ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಕರೆದಾಗ, ಅಂದಿನ ಕೋಳಿಯ ಸಂಪೂರ್ಣ ಜವಾಬ್ದಾರಿ ನನ್ನದೆಂದು ಸರೋಜಳ ಮುಂದೆ ಘೋಷಿಸಿದೆ. ಕಡುಬು, ಕೋಳಿ ಸಾರು ಮಾಡಿದರೆ ಸಾಕು ಎಂದಳು. ಅದನ್ನು ಎಲ್ಲರೂ ಮಾಡುತ್ತಾರೆ, ತಿಂದವರು ಬಸ್ ಹತ್ತುವಷ್ಟರಲ್ಲಿ ಮರೆಯುತ್ತಾರೆ ಎಂದು ತಿಳಿಸಿ ಹೇಳಿದೆ. ನನ್ನ ಅಡುಗೆಯನ್ನು ಅವರು ಜನ್ಮದಲ್ಲಿ ಮರೆಯಬಾರದು ಎಂಬುದು ನನ್ನ ಆಸೆಯಾಗಿತ್ತು. ಆ ಮಟ್ಟಿಗೆ ಆಸೆ ಈಡೇರಿದೆ.

ಸರೋಜ ಹೆಚ್ಚು ವಾದಿಸಲಿಲ್ಲ. "ಕಡುಬು ನಾನು ಮಾಡಿಡ್ತೀನಿ. ಅದರ ಜೊತೆ ಎಂತ ತಿನ್ನೋದು ಅಂತ ನೀವೇ ನೋಡ್ಕಳಿ" ಎಂದು ಅಕ್ಕಿ ನೆನೆಸಲು ಹೋದಳು.

ಮೊದಲನೆಯದಾಗಿ ಕೋಳಿ. ಟಿ.ವಿ.ಯಲ್ಲಿ ಕಂಡದ್ದು ಬಿಳಿ ಬ್ರಾಯ್ಲರ್ ಕೋಳಿ. ಅತಿಥಿಗಳಿಗೆ ಅದನ್ನು ಬಡಿಸುವುದು ನನ್ನ ಅಂತಸ್ತಿಗೆ ಸರಿಯಲ್ಲವೆನ್ನಿಸಿ, ಸೀತೂರಿನ ನನ್ನ ಗಿರಾಕಿಯೊಬ್ಬರ ಮನೆಗೆ ಹೋಗಿ ಇದ್ದುದರಲ್ಲೇ ದೊಡ್ಡ ನಾಟಿ ಹುಂಜ ಬೇಕೆಂದೆ. ಆ ಮನೆಯಾಕೆಯ ಮುಖ ಅರಳಿದ ರೀತಿ ನೋಡಿಯಾದರೂ ನಾನು ಅನುಮಾನಿಸಬೇಕಿತ್ತು. ಇದು ಯಾರ ಕೈಗೂ ಸಿಗದೆ ಬಹಳ ಕಾಲದಿಂದ ಮರದ ಮೇಲೆಯೇ ಮಲಗುತ್ತಿದೆ, ಹಿಡಿದುಕೊಂಡು ಹೋದರೆ ಉಪಕಾರ ಎಂದರು. ಹಿಡಿಯಲು ಮನೆಮಂದಿಯೆಲ್ಲ ಸೇರಬೇಕಾಯಿತು. ಮನೆಗೆ ತಂದಾಗ ಸರೋಜ ಅದರ ಕಾಲ ಹಿಂದಿನ ಉದ್ದನೆಯ ಮುಳ್ಳು ಮುಟ್ಟಿ ನೋಡಿ, "ಇದಕ್ಕೆ ನಮ್ಮ ಮದುವೆ ನೋಡಿದ್ದು ನೆನಪಿರಬೋದು" ಎಂದಳು.

ಭಾನುವಾರ ಬೆಳಿಗ್ಗೆ ಹುಂಜವನ್ನು ಕೋಳಿ ಅಂಗಡಿಗೆ ಒಯ್ದೆ. ಗರಿ ತೆಗೆದು, ಹೊಟ್ಟೆ ತೊಳೆದು, ಇಡಿಯಾಗಿ ಕೊಡಬೇಕು, ತುಂಡು ಮಾಡಕೂಡದು ಎಂದು ಒತ್ತಿ ಹೇಳಿದೆ. ಅಂಗಡಿಯವನು ತಲೆಯಾಡಿಸಿದ. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಯಲ್ಲಿ ಯಾರದೋ ಫೋನ್ ಬಂತೆಂದು ನಾನು ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವನ ಕೈ ಅಭ್ಯಾಸಬಲದಿಂದ ಕೆಲಸ ಶುರು ಮಾಡಿತ್ತು. ಒಂದು ತೊಡೆ ಬೇರೆಯಾಗಿ ಪಕ್ಕದಲ್ಲಿ ಕೂತಿತ್ತು. ಅವನು ಬಹಳ ನೊಂದುಕೊಂಡ. ಹೇಗೂ ಒಂದಾಯಿತಲ್ಲ, ಉಳಿದದ್ದನ್ನೂ ತುಂಡು ಮಾಡಿಬಿಡಲಾ ಎಂದು ಕೇಳಿದ.

ಮಾಡಿಸಿಕೊಂಡು ಬಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ವೈರ್ ತುಂಡಾದರೆ ಬೆಸೆಯುವುದೇ ನನ್ನ ಕಸುಬು. ಮನೆಗೆ ಬಂದು ಸರೋಜಳ ಹೊಲಿಗೆ ಮಿಶಿನ್ನಿನಿಂದ ನೂಲು ಬಿಚ್ಚಿಕೊಂಡು, ಗೋಣಿ ಹೊಲಿಯುವ ಸೂಜಿಯಲ್ಲಿ ತೊಡೆಯನ್ನು ಹುಂಜಕ್ಕೆ ಹೊಲಿದೆ. ಮಿಶಿನ್ನಿನಲ್ಲಿ ಹಸಿರು ನೂಲಿತ್ತು. ಹೇಗೂ ಸೊಪ್ಪು ಹಾಕುವುದರಿಂದ ಗೊತ್ತಾಗುವುದಿಲ್ಲ ಎಂದುಕೊಂಡೆ. ಹೊಲಿದ ಮೇಲೆ ಹುಂಜ ನಿಜಕ್ಕೂ ಇಡಿಯಾಗಿಯೇ ಕಂಡಿತು. ಒಂದು ಕಾಲು ಸ್ವಲ್ಪ ಪೂರ್ವಕ್ಕೆ ತಿರುಗಿತ್ತು, ಅಷ್ಟೆ.

ಎರಡನೆಯದಾಗಿ ಹಣ್ಣು. ಅನಾನಸು ಸಿಕ್ಕಿತು, ಕಿತ್ತಳೆ ಸಿಗಲಿಲ್ಲ. ಕಿತ್ತಳೆಯೂ ಹುಳಿ, ಹೇರಳೆಕಾಯಿಯೂ ಹುಳಿ. ಎರಡೂ ಗುಂಡಗೇ ಇರುತ್ತವೆ. ಆದ್ದರಿಂದ ಉಪ್ಪಿನಕಾಯಿಗೆಂದು ಸರೋಜ ತಂದಿಟ್ಟಿದ್ದ ಹೇರಳೆಕಾಯಿಯನ್ನೇ ಸಿಪ್ಪೆ ಸಮೇತ ಹೆಚ್ಚಿದೆ. ಸೊಪ್ಪಿಗೆ ಹಿತ್ತಲಿನ ಕೆಂಪು ಹರಿವೆ. ಎಲ್ಲವನ್ನೂ ಹೊಟ್ಟೆಗೆ ತುಂಬಿ, ಉಪ್ಪು, ಮೆಣಸು ಸವರಿ, ಹುಂಜವನ್ನು ಪಾತ್ರೆಯಲ್ಲಿಟ್ಟುಕೊಂಡು ಹಮೀದಣ್ಣನ ಬೇಕರಿಗೆ ಹೊರಟೆ.

ಹಮೀದಣ್ಣನ ಬೇಕರಿಯ ಹಿಂದೆ ಬನ್ನು ಬೇಯಿಸುವ ಸೌದೆಯ ಭಟ್ಟಿ ಇದೆ. ಭಾನುವಾರ ಬೆಳಗಿನ ಬನ್ನು ಮುಗಿದ ಮೇಲೆ ಭಟ್ಟಿ ಖಾಲಿ. ನಾನು ಅವರ ಅಂಗಡಿಯ ಟಿ.ವಿ.ಯನ್ನು ಎಷ್ಟೋ ಸಲ ಬದುಕಿಸಿದ್ದರಿಂದ ನನ್ನ ಮಾತಿಗೆ ಇಲ್ಲವೆನ್ನಲಿಲ್ಲ. ಇಲ್ಲವೆನ್ನುವುದಿರಲಿ, ನನಗಿಂತ ಹೆಚ್ಚು ಹುರುಪು ಅವರಿಗೇ ಬಂತು. ಮಂಗಳೂರಿನ ದೊಡ್ಡ ಹೋಟೆಲೊಂದರ ಗಾಜಿನ ಹೊರಗೆ ನಿಂತು ಇಂಥದೇ ಕೋಳಿ ನೋಡಿದ್ದರಂತೆ. ನಾನು ಶಬ್ದವಿಲ್ಲದೆ ನೋಡಿದವನು, ಅವರು ಗಾಜಿನಾಚೆಯಿಂದ ನೋಡಿದವರು. ಇಬ್ಬರು ಅನುಭವಿಗಳು ಸೇರಿದಂತಾಯಿತು.

ಹಮೀದಣ್ಣ ಹುಂಜವನ್ನು ಸುತ್ತು ಹಾಕಿ ನೋಡಿ, ಇದಕ್ಕೆ ಹೊಳಪು ಸಾಲದು ಎಂದರು. ಬನ್ನಿಗೆ ಬಳಿಯುವ ಸಕ್ಕರೆ ಪಾಕವನ್ನು ಬ್ರಷ್ಷಿನಲ್ಲಿ ಮೂರ್ನಾಲ್ಕು ಸಲ ಬಳಿದರು. ಆಮೇಲೆ ಏನೋ ಹೊಳೆದಂತಾಗಿ ಒಳಗೆ ಹೋಗಿ ಒಂದು ಹಿಡಿ ಟುಟ್ಟಿಫ್ರೂಟಿ ತಂದು ಎದೆಯ ಮೇಲೆ ಉದುರಿಸಿದರು. "ಹಣ್ಣು ಬೇಕು ಅಂದ್ರಲ್ಲ ಗೌಡ್ರೇ, ಇದೂ ಹಣ್ಣೇ ಅಲ್ವಾ" ಎಂದರು. ತಪ್ಪೆನ್ನುವುದು ಹೇಗೆ? ಟಿ.ವಿ.ಯಲ್ಲಿ ಮೋಡ ಕವಿದಾಗ ಅವನೂ ಇದನ್ನೇ ಹಾಕಿದ್ದಿರಬಹುದು.

ಭಟ್ಟಿಗಿಟ್ಟ ಸ್ವಲ್ಪ ಹೊತ್ತಿಗೇ ಹಮೀದಣ್ಣ ಬಗ್ಗಿ ನೋಡಿ, ಬಣ್ಣ ಬಂತು, ಆಗಿದೆ ಎಂದರು. ಇಷ್ಟು ಬೇಗವೇ ಎಂದೆ. ಬನ್ನಿಗೆ ಬಣ್ಣ ಬಂದರೆ ಬೆಂದಂತೆ ಲೆಕ್ಕ, ಇನ್ನೂ ಬಿಟ್ಟರೆ ಸೀದುಹೋಗುತ್ತದೆ ಎಂದರು. ಬಣ್ಣ ಬಂದದ್ದು ಹುಂಜಕ್ಕಲ್ಲ, ಸಕ್ಕರೆಗೆ ಎಂಬ ಸೂಕ್ಷ್ಮ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೊರಗೆ ತೆಗೆದಾಗ ಅದು ಥಳಥಳ ಹೊಳೆಯುತ್ತಿತ್ತು. ಬೇಕರಿಗೆ ಬ್ರೆಡ್ಡು ಕೊಳ್ಳಲು ಬಂದಿದ್ದ ಮೇಷ್ಟರೊಬ್ಬರು ಯಾರ ಬರ್ತ್‌ಡೇ ಎಂದು ವಿಚಾರಿಸಿದರು.

ಮನೆಗೆ ಬಂದಾಗ ಎಲ್ಲರೂ ಕೂತಿದ್ದರು. ದೊಡ್ಡ ತಟ್ಟೆಗೆ ಹಿತ್ತಲಿನ ಬಸಳೆ ಎಲೆಗಳನ್ನು ಹಾಸಿ, ಬಿಸಿ ಹುಂಜವನ್ನು ಅದರ ಮೇಲಿಟ್ಟು, ಮೇಜಿನ ನಡುವೆ ತಂದಿಟ್ಟೆ. ಸುಮಾ, "ಭಾವ, ಎಷ್ಟು ಚೆಂದ ಇದೆ" ಎಂದಳು. ಪ್ರಕಾಶನ ತಾಯಿ ಕೈಮುಗಿದಂತೆ ಮಾಡಿದರು. ಮಾವ ನನ್ನ ಮುಖವನ್ನು ಮೊದಲ ಬಾರಿಗೆ ನೋಡುವವರ ಹಾಗೆ ನೋಡಿದರು. ನನ್ನ ಬದುಕಿನ ಆ ಒಂದು ನಿಮಿಷವನ್ನು ಯಾರೂ ಕಿತ್ತುಕೊಳ್ಳಲಾರರು. ಅದು ಒಂದು ನಿಮಿಷವೇ ಇತ್ತು.

ನಾನು ಚಾಕು ತೆಗೆದುಕೊಂಡು ಎದೆಗೆ ಒತ್ತಿದೆ. ಚಾಕು ಇಳಿಯಲಿಲ್ಲ. ಇನ್ನೂ ಬಲವಾಗಿ ಒತ್ತಿದೆ. ಕೆಳಗೆ ಬಸಳೆ ಆ ಬಿಸಿಗೆ ಬೆಂದು ಲೋಳೆಯಾಗಿತ್ತು. ಹುಂಜ ನನ್ನ ಚಾಕುವಿನಡಿಯಿಂದ ಜಾರಿ, ತಟ್ಟೆ ದಾಟಿ, ಮೇಜಿನ ಮೇಲೆ ಸರ್ರನೆ ಹೋಗಿ ಅಂಚಿನಿಂದ ಹಾರಿತು. ಎದುರಿಗೆ ಕೂತಿದ್ದ ಪ್ರಕಾಶ ಎರಡೂ ಕೈಯಲ್ಲಿ ಅದನ್ನು ಹಿಡಿದ. ಹಿಡಿದು, ಬಹಳ ಗೌರವದಿಂದ ತಟ್ಟೆಗೆ ವಾಪಸು ಇಟ್ಟ. ಅವನು ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಎರಡನೇ ಸಲ ಸರೋಜ ಹುಂಜವನ್ನು ಹಿಡಿದುಕೊಂಡಳು, ನಾನು ಕೊಯ್ದೆ. ಚಾಕು ಹೇಗೋ ಹೊಟ್ಟೆಯವರೆಗೆ ಇಳಿಯಿತು. ಇಳಿದದ್ದೇ ತಡ, ಒಳಗಿನಿಂದ ಕೆಂಪು ರಸ ಹರಿದು ತಟ್ಟೆಯೆಲ್ಲ ತುಂಬಿತು. ಪ್ರಕಾಶನ ತಾಯಿ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ಇದು ರಕ್ತವಲ್ಲ, ಹರಿವೆ ಸೊಪ್ಪಿನ ಬಣ್ಣ ಎಂದು ನಾನು ವಿವರಿಸಿದೆ. ಅವರು ಹೌದು ಹೌದು ಎನ್ನುತ್ತಾ ನಿಂತೇ ಇದ್ದರು.

ಮಾವ ಹಿರಿಯರು. ಬೀಗಿತ್ತಿಯ ಮುಂದೆ ಮನೆಯ ಮರ್ಯಾದೆ ಉಳಿಸಬೇಕೆಂದು ಅವರಿಗೆ ಅನ್ನಿಸಿರಬೇಕು. ತಾವೇ ಮುಂದಾಗಿ ಬಗ್ಗಿ, ತೊಡೆಯ ಪಕ್ಕದಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡರು. ಅಗಿದರು. ಮತ್ತೂ ಅಗಿದರು. ಆಮೇಲೆ ತುಟಿಯ ಅಂಚಿಗೆ ಏನೋ ಸಿಕ್ಕಿ, ಬೆರಳಲ್ಲಿ ಹಿಡಿದು ಎಳೆದರು. ಅದು ಬಂತು. ಇನ್ನೂ ಎಳೆದರು. ಇನ್ನೂ ಬಂತು.

"ಹರಿವೆ ಬಲ್ತಿದೆ ಮಾರಾಯ, ನಾರು ಭಾರಿ ಉದ್ದ ಇದೆ" ಎಂದರು.

ಅವರು ಎಳೆದಂತೆಲ್ಲ ತಟ್ಟೆಯಲ್ಲಿದ್ದ ಹುಂಜದ ಪೂರ್ವದ ಕಾಲು ಮೆಲ್ಲಗೆ ಮೇಲೇಳತೊಡಗಿತು. ಎಲ್ಲರೂ ಕಾಲನ್ನೇ ನೋಡುತ್ತಿದ್ದರು. ಮಾವ ನೋಡುತ್ತಿರಲಿಲ್ಲ. ಅವರು ಕೊನೆಯದಾಗಿ ಒಂದು ಜಗ್ಗು ಜಗ್ಗಿದರು. ತೊಡೆ ಕಳಚಿ ಸುಮಾಳ ನೀರಿನ ಲೋಟದ ಪಕ್ಕಕ್ಕೆ ಬಿತ್ತು. ಮಾವನ ಕೈಯಲ್ಲಿ ಮೊಳದುದ್ದದ ಹಸಿರು ನೂಲು ತೂಗಾಡುತ್ತಿತ್ತು.

ಪ್ರಕಾಶ ತೊಡೆಯನ್ನೆತ್ತಿ, ಹೊಲಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದ. ಕಸುಬಿನ ಮೇಲಿನ ಅಭಿಮಾನವಿರಬೇಕು, ಅವನಿಗೆ ತಡೆಯಲಾಗಲಿಲ್ಲ.

"ಹೊಲಿಗೆ ಚೆನ್ನಾಗಿ ಬಿದ್ದಿದೆ ಅಣ್ಣ. ಕೊನೇಲಿ ಗಂಟು ಹಾಕೋದು ಮರ್ತಿದೀರಿ" ಎಂದ.

ಇಷ್ಟಾದ ಮೇಲಾದರೂ ನಾನು ಸೋಲೊಪ್ಪಿಕೊಂಡು ನಗಬಹುದಿತ್ತು. ನಕ್ಕಿದ್ದರೆ ಎಲ್ಲರೂ ನಗುತ್ತಿದ್ದರು. ಆದರೆ ನಾನು ಬೆನ್ನು ನೆಟ್ಟಗೆ ಮಾಡಿ ಕೂತು, ಇದು ಹೀಗೆಯೇ ಇರಬೇಕಾದ್ದು, ವಿದೇಶದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ತಿನ್ನುತ್ತಾರೆ ಎಂದೆ. ಅಲ್ಲಿಗೂ ನಿಲ್ಲಿಸಲಿಲ್ಲ. "ನನಗಂತೂ ಕೋಳಿ ಅಂದ್ರೆ ಹೀಗೇ ಆಗ್ಬೇಕು. ಆ ಸಾರು-ಗೀರು ನನಗೆ ಸೇರೋದಿಲ್ಲ" ಎಂದುಬಿಟ್ಟೆ. ಮದುವೆಯಾದಂದಿನಿಂದ ನನಗೆ ಸಾರು ಬಡಿಸುತ್ತಾ ಬಂದ ಸರೋಜ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತಿನಲ್ಲಿ ಒಗ್ಗರಣೆಯ ವಾಸನೆ ಬಂತು. ಮೊಟ್ಟೆ ಬೇಯಿಸಿ, ಇದ್ದ ಮಸಾಲೆಯಲ್ಲೇ ಸಾರು ಮಾಡಿದ್ದಳು. ಬಿಸಿ ಕಡುಬು, ಮೊಟ್ಟೆ ಸಾರು ಎಲ್ಲರ ತಟ್ಟೆಗೂ ಬಂತು, ನನ್ನ ತಟ್ಟೆಯೊಂದನ್ನು ಬಿಟ್ಟು. ಪ್ರಕಾಶನ ತಾಯಿ ಕೂತರು. ಮಾವ ಎರಡು ಸಲ ಹಾಕಿಸಿಕೊಂಡರು. ಮಾತು, ನಗು ಶುರುವಾಯಿತು. ನನ್ನ ಮುಂದೆ ಹುಂಜವಿತ್ತು. ಹೊರಗೆ ಪಾಕದ ಸಿಹಿ, ಒಳಗೆ ಹೇರಳೆ ಸಿಪ್ಪೆಯ ಕಹಿ, ನಡುವೆ ಸೀತೂರಿನ ಮರ ಹತ್ತಿ ಇಳಿದು ಗಟ್ಟಿಯಾದ ಮಾಂಸ. ನಾನು ಅದನ್ನು ಅಗಿಯುತ್ತಾ, ಆಗಾಗ ತಲೆಯಾಡಿಸಿ ಬಹಳ ರುಚಿಯಾಗಿದೆಯೆಂದು ತೋರಿಸಿಕೊಳ್ಳುತ್ತಿದ್ದೆ. ದವಡೆ ನೋವು ಮಂಗಳವಾರದವರೆಗೂ ಇತ್ತು.

ಕೆಲವು ವಾರಗಳಾದ ಮೇಲೆ ಪ್ರಕಾಶನ ಮನೆಯವರು ನಮ್ಮನ್ನೆಲ್ಲ ನರಸಿಂಹರಾಜಪುರಕ್ಕೆ ಊಟಕ್ಕೆ ಕರೆದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನಾಟಿ ಕೋಳಿ ಸಾರಿನ ಪರಿಮಳ ಬಂತು. ಬೆಳಿಗ್ಗೆ ಬೇಕೆಂದೇ ಕಡಿಮೆ ತಿಂಡಿ ತಿಂದು ಬಂದಿದ್ದೆ. ಎಲ್ಲರಿಗೂ ಕಡುಬು ಬಡಿಸಿದರು. ನನಗೆ ಮಾತ್ರ ಬಡಿಸಲಿಲ್ಲ. ಪ್ರಕಾಶನೇ ಒಳಗಿನಿಂದ ಒಂದು ತಟ್ಟೆ ತಂದು ನನ್ನ ಮುಂದಿಟ್ಟ. ಅದರಲ್ಲಿ ಒಂದು ಇಡೀ ಸುಟ್ಟ ಕೋಳಿಯಿತ್ತು. ಸುತ್ತ ದುಂಡಗೆ ಹೆಚ್ಚಿದ ಹಣ್ಣು, ಅಡಿಯಲ್ಲಿ ಅಗಲವಾದ ಹಸಿ ಎಲೆಗಳು. ಅವನು ಬೆಳಿಗ್ಗೆ ಎದ್ದು ಶಿವಮೊಗ್ಗಕ್ಕೆ ಹೋಗಿ, ದೊಡ್ಡ ಹೋಟೆಲಿನಲ್ಲಿ ಹೇಳಿ ಮಾಡಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದನೆಂದು ಅವನ ತಾಯಿ ಹೇಳಿದರು. ಅಷ್ಟರಲ್ಲಿ ಕೋಳಿ ತಣ್ಣಗಾಗಿತ್ತು. ಪ್ರಕಾಶ ಸಂಕೋಚದಿಂದ, ನೀವು ಮಾಡಿದಷ್ಟು ಚೆನ್ನಾಗಿರುವುದಿಲ್ಲ, ಬೇಜಾರು ಮಾಡಿಕೊಳ್ಳಬಾರದು ಎಂದ. ಅವನ ಮುಖದಲ್ಲಿ ಕುಚೋದ್ಯದ ಲವಲೇಶವೂ ಇರಲಿಲ್ಲ.

ಪ್ರಕಾಶನ ತಾಯಿ ಸಾರಿನ ಪಾತ್ರೆ ಹಿಡಿದು ಸಾಲಿನಲ್ಲಿ ಬಂದರು. ಸರೋಜಳಿಗೆ ಎರಡು ಸೌಟು, ಮಾವನಿಗೆ ಎರಡು ಸೌಟು. ನನ್ನ ಹತ್ತಿರ ಬಂದಾಗ ನಾನು ತಡೆಯಲಾರದೆ, ಒಂದು ಸ್ವಲ್ಪ, ಬರೀ ರುಚಿಗೆ ಎಂದೆ.

"ಛೆ, ನಮಗೆ ಗೊತ್ತಿಲ್ವಾ ನಿಮಗೆ ಸಾರು ಸೇರಲ್ಲ ಅಂತ? ನಮ್ಮ ಮನಸ್ಸಿಗೆ ಬೇಜಾರಾಗ್ತದೆ ಅಂತ ತಿನ್ನೋದೆಲ್ಲ ಬೇಡ" ಎಂದು ಅವರು ಪ್ರೀತಿಯಿಂದ ಗದರಿ, ಸಾರಿನ ಪಾತ್ರೆಯನ್ನು ಮುಂದಕ್ಕೆ ಒಯ್ದರು.

ಪಕ್ಕದಲ್ಲಿ ಸರೋಜ ತಟ್ಟೆಯತ್ತ ಬಗ್ಗಿ ಕೂತಿದ್ದಳು. ಅವಳ ಭುಜ ಕುಲುಕುತ್ತಿತ್ತು. ನಾನು ತಲೆ ತಗ್ಗಿಸಿ ಕೋಳಿಯ ಅಡಿಯಲ್ಲಿದ್ದ ಸೊಪ್ಪು ಮೇಯತೊಡಗಿದೆ.